ಮನೆಯ ಬೆಕ್ಕೂ ಬಂದ ಮರಿಯೂ

ಮುಂಬಯಿಯ ಮಳೆಗಾಲವು ಕರೆಯದೆ ಕಳುಹಿಸುವ ಅತಿಥಿಗಳಲ್ಲಿ ಬೆಕ್ಕಿನ ಮರಿಯೂ ಒಂದೆಂಬುದನ್ನು ಉಪನಗರಗಳ ಕಟ್ಟಡಗಳಲ್ಲಿ ವಾಸಿಸುವ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬೇಸಗೆಯ ಕೊನೆಯಲ್ಲಿ ಮೆಟ್ಟಿಲಿನ ಕೆಳಗೋ ನೀರಿನ ಟಾಂಕಿಯ ಮಗ್ಗುಲಲ್ಲೋ ಹುಟ್ಟಿದ ಮರಿಗಳು ಜುಲೈ ತಿಂಗಳ ಜಡಿಮಳೆಗೆ ದಿಕ್ಕುಗೆಟ್ಟು, ನಿಲ್ಲಿಸಿದ ಕಾರಿನ ಯಂತ್ರದ ಸಂದಿಯನ್ನೂ ಅಂಗಡಿಯ ಶಟರಿನ ಮೂಲೆಯನ್ನೂ ಆಶ್ರಯಿಸುತ್ತವೆ. ಕಳೆದ ಜುಲೈಯಲ್ಲಿ ಗೋರೆಗಾಂವದ ನಮ್ಮ ಕಟ್ಟಡದ ಮೀಟರು ಪೆಟ್ಟಿಗೆಗಳ ಕೆಳಗೆ ಅಂಥದೊಂದು ಮರಿ ಸಂಜೆಯಿಂದ ಕೂಗುತ್ತಿತ್ತು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂಬುದು ನಮ್ಮ ಹಿರಿಯರ ಮಾತು. ಅದು ಒಂದನ್ನು ಒಯ್ದಿಟ್ಟು ಮತ್ತೊಂದಕ್ಕೆ ಮರಳುವಷ್ಟರಲ್ಲಿ ದಯಾವಂತರಾರೋ ಮರಿಯನ್ನೆತ್ತಿಕೊಂಡು ಹೋಗಿ ತಾಯಿಯನ್ನೂ ಮರಿಯನ್ನೂ ಅಗಲಿಸುವುದು ಈ ಊರಿನಲ್ಲಿ ನಿತ್ಯ ನಡೆಯುವ ಪ್ರಮಾದ. ಆದುದರಿಂದ ರಾತ್ರಿ ಹತ್ತು ಗಂಟೆಯವರೆಗೆ ಕಾದೆವು. ತಾಯಿ ಬರಲಿಲ್ಲ, ಅಂಗಳದ ನೀರು ಮಾತ್ರ ಏರುತ್ತಿತ್ತು. ಹದಿಮೂರು ವರ್ಷದ ನಮ್ಮ ಮಗಳು ಕೊನೆಗೆ ಅದನ್ನು ತನ್ನ ಮಳೆಯಂಗಿಯಲ್ಲಿ ಸುತ್ತಿಕೊಂಡು ಮೇಲಕ್ಕೆ ತಂದಳು.

ಮೇಲೆ ಮನಿ ಇತ್ತು. ನೆರೆಯ ಮರಾಠಿ ಮಾವಶಿಯವರು ಇಟ್ಟ ಹೆಸರದು. ಮರಾಠಿಯವರ ಮನೆಗಳಲ್ಲಿ ಪ್ರತಿ ಎರಡನೆಯ ಹೆಣ್ಣುಬೆಕ್ಕೂ ಮನಿಯೇ. ಒಂಬತ್ತು ವರ್ಷದ ಪ್ರಾಣಿ. ಹಗಲು ನಾವು ಮೂವರೂ ಆಫೀಸು, ಶಾಲೆಗಳೆಂದು ಹೊರಟ ಮೇಲೆ, ಎಂಬತ್ತನ್ನು ಸಮೀಪಿಸಿದ ನನ್ನ ತಾಯಿಯವರಿಗೆ ಮನೆಯಲ್ಲಿ ಉಳಿಯುವ ಜೊತೆಯೆಂದರೆ ಅದೊಂದೇ. ಅವರ ಮಂಚದ ಕಾಲದೆಸೆಯಲ್ಲಿ ಅದರ ಹಾಸು, ಅವರ ಊಟದ ಹೊತ್ತಿಗೆ ಅದರ ಊಟ. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ಒಂದು ಇಕ್ಕಟ್ಟಾದ ಗ್ಯಾಲರಿ, ಇಷ್ಟೇ. ಆ ಮೂರರಲ್ಲಿ ಯಾವ ಅಂಗುಲವು ಯಾವ ಹೊತ್ತಿನಲ್ಲಿ ಯಾರದೆಂಬುದು ಒಂಬತ್ತು ವರ್ಷಗಳಲ್ಲಿ ನಿರ್ಣಯವಾಗಿಬಿಟ್ಟಿತ್ತು.

ನಾವು ಮಾಡಿದ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮರಿಯ ಮೈಯೊರಸಿ, ಅದನ್ನು ನೆಟ್ಟಗೆ ಒಯ್ದು ಮನಿಯ ಹಾಸಿನ ಮೇಲೆಯೇ, ಅದರ ಮೂಗಿನ ಮುಂದೆಯೇ ಇಟ್ಟೆವು. ಮುದಿ ಬೆಕ್ಕಿನಲ್ಲಿ ಮಾತೃವಾತ್ಸಲ್ಯ ಉಕ್ಕಿ ಬರುವುದೆಂದು ನಮ್ಮ ಭ್ರಮೆ. ಮನಿ ಬೆನ್ನು ಬಿಲ್ಲಾಗಿಸಿ, ಕಿವಿ ಹಿಂದಕ್ಕೆ ಮಡಚಿ, ಒಮ್ಮೆ ಬುಸುಗುಟ್ಟಿತು. ಎರಡನೆಯ ನೆಗೆತಕ್ಕೆ ಕಪಾಟಿನ ಮೇಲಿತ್ತು. ಮರುದಿನ ಇಳಿಯಲಿಲ್ಲ. ಅಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಇಳಿದು, ಒಂಬತ್ತು ವರ್ಷಗಳಲ್ಲಿ ಎಂದೂ ಮಾಡದ ಕೆಲಸ ಮಾಡಿತು: ಮರಿ ಮಲಗಿದ್ದ ಆ ಹಾಸಿನ ಮೇಲೆ ಮೂತ್ರ ಮಾಡಿತು. ನನ್ನ ಪತ್ನಿ ಇಡೀ ಕೋಣೆಯನ್ನು ಫಿನೈಲು ಹಾಕಿ ತೊಳೆದಳು. ಮೂರನೆಯ ದಿನಕ್ಕೆ ಮನಿ ಅನ್ನನೀರು ಎರಡನ್ನೂ ಮುಟ್ಟುವುದನ್ನು ಬಿಟ್ಟಿತು. ಅದರೊಡನೆ ನನ್ನ ತಾಯಿಯವರೂ ಅರ್ಧ ಊಟಕ್ಕೆ ಏಳತೊಡಗಿದರು.

ಮನೆಯಲ್ಲಿ ಎರಡು ಪಕ್ಷಗಳಾದವು. ಮಗಳು ಮರಿಯನ್ನು ಬಿಡುವಂತಿಲ್ಲ. ತಾಯಿಯವರು ಮನಿಯ ಸಂಕಟವನ್ನು ನೋಡುವಂತಿಲ್ಲ. ಕಟ್ಟಡದ ಹಿತೈಷಿಗಳೊಬ್ಬರು ಸುಲಭೋಪಾಯವೊಂದನ್ನು ಸೂಚಿಸಿದರು. ಮರಿಯನ್ನು ಚೀಲದಲ್ಲಿ ಹಾಕಿ ಮೀನು ಮಾರುಕಟ್ಟೆಯಲ್ಲಿ ಬಿಟ್ಟು ಬಂದರಾಯಿತಂತೆ. ಈ ಊರಿನಲ್ಲಿ ಎಷ್ಟೋ ಜನ ಹೀಗೆ ಮಾಡುತ್ತಾರೆ, ಮಾಡಿ ಪುಣ್ಯ ಕಟ್ಟಿಕೊಂಡೆವೆಂದೂ ತಿಳಿಯುತ್ತಾರೆ. ಸಾಕಿದ ಪ್ರಾಣಿಯನ್ನು ಹಸಿವೆ ನೀರಡಿಕೆಗಳಿಗೆ ಗುರಿಯಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮಿನಂತೆ ಅಪರಾಧವೆಂಬುದು ಹಾಗಿರಲಿ; ಮೀನು ಮಾರುಕಟ್ಟೆಯಲ್ಲಿ ಈ ಮೊದಲೇ ನೆಲೆಸಿರುವ ಬೆಕ್ಕುಗಳು ಹೊಸಬನನ್ನು ಹೇಗೆ ಬರಮಾಡಿಕೊಳ್ಳುತ್ತವೆಂಬುದನ್ನು ನಿಂತು ನೋಡಿದವರು ಈ ಸಲಹೆ ಕೊಡಲಾರರು.

ಪಶುವೈದ್ಯರಲ್ಲಿಗೆ ಓಡಿದೆವು. ಪರೇಲಿನಲ್ಲಿ ಸರ್ ದೀನ್‌ಶಾ ಪೆಟಿಟ್ ಅವರ ಪತ್ನಿ ಬಾಯಿ ಸಾಕರಬಾಯಿಯವರ ಹೆಸರಿನಲ್ಲಿ, 1874ರಲ್ಲಿ ಸ್ಥಾಪಿತವಾದ ಮುಂಬಯಿಯ ಪ್ರಾಣಿದಯಾ ಸಂಘವು ನಡೆಸಿಕೊಂಡು ಬಂದಿರುವ ಹಳೆಯ ಆಸ್ಪತ್ರೆಯನ್ನು ನಮ್ಮವರಲ್ಲಿ ಅನೇಕರು ಬಲ್ಲರು. ನಾವು ಹೋದುದು ಮಾತ್ರ ನೆರೆಯ ಬಡಾವಣೆಯ ಚಿಕ್ಕದೊಂದು ಚಿಕಿತ್ಸಾಲಯಕ್ಕೆ. ವೈದ್ಯರು ಮರಿಯನ್ನು ಬದಿಗಿಟ್ಟು ಮೊದಲು ಮನಿಯನ್ನು ಪರೀಕ್ಷಿಸಿದರು. ಮನುಷ್ಯನು ಎರಡು ದಿನ ಉಪವಾಸ ಮಾಡಿದರೆ ಹಗುರಾಗಬಹುದು; ಬೆಕ್ಕಿನ ದೇಹಧರ್ಮ ಬೇರೆ. ಮೈತುಂಬಿದ ಬೆಕ್ಕು ಕೆಲವು ದಿನ ಏನೂ ತಿನ್ನದಿದ್ದರೆ ಶರೀರದ ಕೊಬ್ಬು ಕರಗಿ ಬಂದು ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ. ಅನಂತರ ಹಸಿವೆಯೇ ಇಂಗಿಹೋಗಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಗಂಡುಬೆಕ್ಕಾದರಂತೂ ಮನಃಕ್ಷೋಭೆಯಿಂದ ಮೂತ್ರಬಂಧವಾಗುವುದೂ ಉಂಟು. ಪದೇ ಪದೇ ಕುಳಿತೆದ್ದರೂ ಮೂತ್ರ ಬಾರದಿದ್ದರೆ ಆ ದಿನವೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು, ನಾಳೆಗೆಂದು ಇಡತಕ್ಕದ್ದಲ್ಲ. ಮನಿಗೆ ಸೂಜಿಮದ್ದಾಯಿತು. ಮರಿ ಗಂಡು, ವಯಸ್ಸು ಸುಮಾರು ಏಳು ವಾರ. ಎಳೆಯ ನೀಲಿಗಣ್ಣು ಆಗಷ್ಟೇ ಬಣ್ಣ ತಿರುಗುತ್ತಿತ್ತು. ತೂಕ ಆರುನೂರು ಗ್ರಾಂ. ಅಷ್ಟು ಭಾರದ ಒಂದು ಜೀವಿ ನಾಲ್ಕು ಜನರ ಸಂಸಾರವನ್ನು ಅಲ್ಲಾಡಿಸಿತ್ತು.

“ನಿಮ್ಮ ಮನಿಯ ಜಗಳ ಮರಿಯೊಡನೆ ಅಲ್ಲ,” ಎಂದರು ವೈದ್ಯರು. “ಅದರ ಮನೆ ಕಳೆದುಹೋಗಿದೆ, ಅಷ್ಟೇ.”

ಈ ಮಾತನ್ನು ತುಸು ಬಿಡಿಸಿ ಹೇಳಬೇಕು. ನಾವು ಮನೆಯನ್ನು ಕಣ್ಣಿನಿಂದ ಗುರುತಿಸುತ್ತೇವೆ. ಬೆಕ್ಕು ಮೂಗಿನಿಂದ ಗುರುತಿಸುತ್ತದೆ. ಅದರ ಕೆನ್ನೆ, ಗದ್ದ, ಅಂಗಾಲುಗಳಲ್ಲಿ ಗಂಧಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೂ ಮಂಚದ ಕಾಲಿಗೂ ನಮ್ಮ ಮೊಣಕಾಲಿಗೂ ಅದು ಮುಖವುಜ್ಜುವುದು ಬರಿಯ ಮುದ್ದಿಗಲ್ಲ, ‘ಇದು ನನ್ನ ಪರಿಚಯದ್ದು’ ಎಂಬ ಮುದ್ರೆಯೊತ್ತುವುದಕ್ಕೆ. ದಿನವೂ ಒತ್ತಿದ ಆ ಮುದ್ರೆಗಳ ನಡುವೆ ಮಾತ್ರ ಅದಕ್ಕೆ ನಿಶ್ಚಿಂತೆಯ ನಿದ್ರೆ. ಅಂಥ ಮನೆಯ ನಡುಮಧ್ಯಕ್ಕೆ ಅಪರಿಚಿತ ಗಂಧವೊಂದನ್ನು ನಾವು ತಂದಿಟ್ಟೆವು. ಸಾಲದುದಕ್ಕೆ ಉಳಿದ ಮುದ್ರೆಗಳನ್ನು ಫಿನೈಲಿನಿಂದ ತೊಳೆದುಹಾಕಿದೆವು. (ಫಿನೈಲಿನ ಕೆಲವು ಬಗೆಗಳಲ್ಲಿರುವ ದ್ರವ್ಯಗಳು ಬೆಕ್ಕಿಗೆ ವಿಷಪ್ರಾಯವೆಂಬುದೂ ಅಂದೇ ತಿಳಿಯಿತು. ಕಾಲಿಗಂಟಿದುದನ್ನು ಅದು ನೆಕ್ಕಿಕೊಳ್ಳುತ್ತದೆ.) ಹಾಸಿನ ಮೇಲೆ ಮೂತ್ರ ಮಾಡಿದ್ದು ಮತ್ಸರದಿಂದಲೂ ಅಲ್ಲ, ನಮಗೆ ಬುದ್ಧಿ ಕಲಿಸಲಿಕ್ಕೂ ಅಲ್ಲ, ಅಳಿಸಿಹೋದ ತನ್ನ ಹೆಸರನ್ನು ಬೆದರಿದ ಪ್ರಾಣಿಯು ಮತ್ತೆ ಬರೆದ ರೀತಿ ಅದು. ಅದಕ್ಕಾಗಿ ಹೊಡೆದವರೂ ಮೂತಿಯನ್ನು ತಿಕ್ಕಿದವರೂ ಕಾರ್ಯವನ್ನು ಇನ್ನಷ್ಟು ಕೆಡಿಸಿಕೊಳ್ಳುತ್ತಾರೆ.

ಸಾಕುಬೆಕ್ಕಿನ ಮೂಲಪುರುಷ ಆಫ್ರಿಕದ ಕಾಡುಬೆಕ್ಕು, ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲಿ ಹೂಳಲಾದ ಬೆಕ್ಕಿನ ಅಸ್ಥಿಪಂಜರ ದೊರೆತುದನ್ನು 2004ರಲ್ಲಿ ಸಂಶೋಧಕರು ಪ್ರಕಟಿಸಿದರು. ಅಷ್ಟು ದೀರ್ಘಕಾಲ ನಮ್ಮೊಡನಿದ್ದೂ ಈ ಪ್ರಾಣಿ ನಾಯಿಯಂತೆ ಹಿಂಡಿನ ಕಟ್ಟಳೆಯನ್ನು ಕಲಿತಿಲ್ಲ. ಇದಕ್ಕೆ ಆಕ್ಷೇಪವಾಗಿ, “ಸಸೂನ್ ಡಾಕಿನಲ್ಲಿ ಡಜನುಗಟ್ಟಲೆ ಬೆಕ್ಕುಗಳು ಒಟ್ಟಿಗಿಲ್ಲವೇ?” ಎಂದು ಮಿತ್ರರೊಬ್ಬರು ಕೇಳಿದರು. ಇವೆ. ಕೊಲಾಬದ ಆ ಧಕ್ಕೆ 1875ರಲ್ಲಿ ಕಟ್ಟಿದ್ದು; ಮೀನು ಇಳಿಯುವಲ್ಲಿ ಬೆಕ್ಕು ಇಲ್ಲದಿರುವುದುಂಟೇ? ಆದರೆ ಇಂಥ ತಾಣಗಳ ಗುಂಪುಗಳು ಬಹುಮಟ್ಟಿಗೆ ತಾಯಿ, ಮಗಳು, ಅಕ್ಕತಂಗಿಯರದು. ಒಂದರ ಮರಿಗೆ ಇನ್ನೊಂದು ಹಾಲೂಡಿಸುವುದೂ ಉಂಟು. ಅಲ್ಲಿ ತಿನ್ನಲು ಧಾರಾಳವಾಗಿದೆ, ಬೇಸರವಾದರೆ ಎದ್ದು ಹೋಗಲು ಜಾಗವೂ ಇದೆ. ಹೊರಗಿನ ಅಪರಿಚಿತ ಬಂದರೆ ಅಲ್ಲಿಯೂ ಅಟ್ಟಿಬಿಡುತ್ತವೆ.

ಊರಿನ ಮಾತೂ ಹಾಗೆಯೇ. ಕುಂದಾಪುರದ ಕಡೆಯ ನಮ್ಮ ಹಿರಿಯರ ಮನೆಯಲ್ಲಿ ವರ್ಷ ವರ್ಷ ಹೊಸ ಮರಿಗಳು ಬರುತ್ತಿದ್ದುವು. ಯಾರೂ ಯಾರಿಗೂ ಪರಿಚಯ ಮಾಡಿಕೊಟ್ಟದ್ದನ್ನು ನಾನು ಕಾಣೆ. “ಬೆಕ್ಕಿಗೂ ಬೆಕ್ಕಿಗೂ ಮಧ್ಯಸ್ಥಿಕೆ ಮಾಡುವ ಮುಂಬಯಿಯವರು” ಎಂದು ಊರಿನ ಬಂಧುಗಳು ದೂರವಾಣಿಯಲ್ಲಿ ನಕ್ಕರು. ಅಲ್ಲಿ ಮಧ್ಯಸ್ಥಿಕೆ ಮಾಡುತ್ತಿದ್ದುದು ಅಟ್ಟ, ಹಟ್ಟಿ, ಹುಲ್ಲುಮೆದೆ, ಹಿತ್ತಿಲು. ಹಳೆಯ ಬೆಕ್ಕಿಗೆ ಮುನಿಸು ಬಂದರೆ ಎಂಟು ದಿನ ಅಟ್ಟದಲ್ಲಿ ಕಳೆದು, ಮುನಿಸು ತೀರಿದ ಮೇಲೆ ಇಳಿದು ಬರುತ್ತಿತ್ತು. ಇಲ್ಲಿ ಆ ಎಂಟು ದಿನವನ್ನು ಕಪಾಟಿನ ಮೇಲೆ ಕಳೆಯಬೇಕು.

ಮೊದಲು ಮರಿಯನ್ನು ಬೇರೆ ಕೋಣೆಯಲ್ಲಿಡಬೇಕೆಂದು ವೈದ್ಯರು ಹೇಳಿದರು. ಇದು ಬರಿಯ ಸೌಹಾರ್ದದ ಪ್ರಶ್ನೆಯಲ್ಲ. ಬೀದಿಯ ಮರಿಯ ಮೈಯಲ್ಲಿ ಚಿಗಟ, ಹೊಟ್ಟೆಯಲ್ಲಿ ಹುಳು, ಕೆಲವೊಮ್ಮೆ ಪ್ಯಾನ್‌ಲ್ಯುಕೋಪೀನಿಯ ಎಂಬ ಭಯಂಕರ ವಾಂತಿಭೇದಿಯ ವಿಷಾಣುವೂ ಇರಬಹುದು. ಆದುದರಿಂದ ಎರಡು ವಾರವಾದರೂ ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಮರಳಿನ ತಟ್ಟೆ, ಮರಿಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವುದು ಅವಶ್ಯ. ಮರಿಗೆ ಎಂಟು ವಾರ ತುಂಬಿದ ಮೇಲೆ ತ್ರಿರೋಗನಿವಾರಕ ಲಸಿಕೆಯನ್ನು ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ನಾಲ್ಕು ತಿಂಗಳವರೆಗೆ ಪುನಃ ಕೊಡಿಸುತ್ತಾರೆ. ಸುಮಾರು ಮೂರು ತಿಂಗಳಿಗೆ ಹುಚ್ಚುನಾಯಿರೋಗದ ಲಸಿಕೆ. ಮನಿಯ ಲಸಿಕೆಯ ಅವಧಿ ಮೀರಿದ್ದುದು ಆಗ ನಮ್ಮ ಗಮನಕ್ಕೆ ಬಂತು.

ಬೇರೆ ಕೋಣೆ ಸರಿ. ಆದರೆ ಆ ಕೋಣೆ ಎಲ್ಲಿದೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ವೈದ್ಯರಲ್ಲ, ನನ್ನ ತಾಯಿಯವರು. ಅವರು ಮದುವೆಯಾಗಿ ಈ ಊರಿಗೆ ಬಂದಾಗ ತಂದೆಯವರು ಫೋರ್ಟಿನ ಒಂದು ಖೋಲಿಯಲ್ಲಿ ಏಳು ಜನರೊಡನೆ ಪಾಲುದಾರರಾಗಿದ್ದರು. ಹೊಟೇಲಿನವರು, ಕ್ಯಾಂಟೀನಿನವರು, ರಾತ್ರಿಶಾಲೆಗೆ ಹೋಗುವ ಹುಡುಗರು. ಖೋಲಿ ಒಂದೇ, ಪಾಳಿ ಮೂರು. ಹಗಲುಪಾಳಿಯವನು ಎದ್ದು ಹೋದ ಚಾಪೆಯಲ್ಲಿ ರಾತ್ರಿಪಾಳಿಯವನು ಮಲಗುವನು. ಗೋಡೆಯಲ್ಲಿ ಪ್ರತಿಯೊಬ್ಬನಿಗೂ ಒಂದು ಮೊಳೆ, ಅದರಲ್ಲಿ ಅವನ ಅಂಗಿ. ಹಾಸಿಗೆಯಾದರೂ ಹಂಚಿಕೊಳ್ಳುವರು, ಮೊಳೆಯನ್ನು ಹಂಚಿಕೊಳ್ಳರು. ಊರಿನಿಂದ ಹೊಸ ಹುಡುಗ ಬಂದಾಗ ಹಳೆಯವರ ಮೊಳೆಗಳನ್ನು ಯಾರೂ ಮುಟ್ಟಗೊಡರು. ಅವನಿಗೆ ಹೊಸದೊಂದನ್ನು ಬಡಿಯುವರು.

“ಮಗಾ, ಆ ಮರಿಯನ್ನು ಮನಿಯ ಮೊಳೆಗೆ ನೇತುಹಾಕಿದಿರಲ್ಲ, ಅದೇ ತಪ್ಪಾದದ್ದು,” ಎಂದರು ತಾಯಿಯವರು. “ಜಾಗ ಇಲ್ಲದಿದ್ದರೆ ಪಾಳಿ ಮಾಡಿ.”

ಪಾಳಿ ಮಾಡಿದೆವು. ತಾಯಿಯವರ ಮಂಚವಿರುವ ಹೊರಕೋಣೆ ಹಗಲೆಲ್ಲ ಮನಿಯದು. ಮರಿ ಅಡುಗೆಮನೆಯಲ್ಲಿ, ಬಾಗಿಲು ಮುಚ್ಚಿ. ಸಂಜೆ ಒಂದು ಗಂಟೆ ಅದಲುಬದಲು: ಮನಿಯನ್ನು ಗ್ಯಾಲರಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ ಮೇಲೆ ಮರಿಯನ್ನು ಹೊರಕೋಣೆಗೆ ಬಿಡುವುದು. ಹೀಗೆ ಒಂದನ್ನೊಂದು ಕಾಣದೆಯೇ ಒಂದರ ಗಂಧ ಇನ್ನೊಂದಕ್ಕೆ ಬಳಕೆಯಾಗುತ್ತ ಬಂತು. ಇದರೊಡನೆ ತಂದೆಯವರ ಹಳೆಯ ಪಂಚೆಯ ಎರಡು ತುಂಡುಗಳಿಂದ ಇನ್ನೊಂದು ಉಪಾಯ. ಒಂದರಿಂದ ಮರಿಯ ಕೆನ್ನೆಯನ್ನು ಮೃದುವಾಗಿ ಒರಸಿ ಮನಿಯ ಊಟದ ತಟ್ಟೆಯಿಂದ ಎರಡು ಮಾರು ದೂರದಲ್ಲಿಡುವುದು. ಇನ್ನೊಂದರಿಂದ ಮನಿಯ ಕೆನ್ನೆಯನ್ನು ಒರಸಿ ಮರಿಯ ಹಾಸಿನಲ್ಲಿಡುವುದು. ಮೊದಲ ದಿನ ಮನಿ ಆ ಬಟ್ಟೆಯನ್ನು ಮೂಸಿ, ಬಾಯನ್ನು ಅರೆತೆರೆದು ವಿಚಿತ್ರವಾಗಿ ಮುಖ ಹಿಂಡಿ ನಿಂತಿತು. ಅಂಗುಳಿನಲ್ಲಿರುವ ಇನ್ನೊಂದು ಘ್ರಾಣೇಂದ್ರಿಯಕ್ಕೆ ಗಂಧವನ್ನೇರಿಸುವ ಭಂಗಿಯದು, ಕೋಪದ್ದಲ್ಲ. ಬಳಿಕ ಬುಸುಗುಟ್ಟಿ ಹೋಯಿತು. ಐದನೆಯ ದಿನ ಬಟ್ಟೆಯ ಕಡೆಗೆ ನೋಡದೆಯೇ ತಿಂದಿತು. ನಿತ್ಯ ಅರ್ಧ ಗೇಣಿನಷ್ಟು ತಟ್ಟೆಯ ಹತ್ತಿರಕ್ಕೆ ಸರಿಸಿದೆವು.

ತಿನ್ನಿಸುವುದೇ ಮೊದಮೊದಲು ಕಷ್ಟವಾಯಿತು. ಮಹಾರಾಷ್ಟ್ರದ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಸಿ ಬಂಗುಡೆಯ ಬೆಲೆ ಕೇಳಿದರೆ ನಮಗೇ ಉಪವಾಸ ಬರುತ್ತದೆ. ಒಣಮೀನಿನ ಉಪ್ಪು ಬೆಕ್ಕಿಗೆ ಹಿತವಲ್ಲ. ಕೋಳಿಯನ್ನು ಉಪ್ಪುಖಾರವಿಲ್ಲದೆ ಬೇಯಿಸಿ, ಉಗುರುಬೆಚ್ಚಗೆ ಮಾಡಿ, ಬೆರಳಿನಲ್ಲಿ ತುಟಿಗೆ ಸವರಿ ಸವರಿ ತಾಯಿಯವರು ಮನಿಗೆ ತಿನ್ನಿಸಿದರು. ಹಾಲನ್ನು ಮಾತ್ರ ವೈದ್ಯರು ಬೇಡವೆಂದರು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದು; ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆಗೆ ಹೊಟ್ಟೆಯ ಮಾತು ಸೇರಿಲ್ಲ. ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕು ಸಾಕುವ ನಮ್ಮ ಬಾಂಧವರಿಗೂ ಒಂದು ಮಾತು: ಮಾಂಸದಲ್ಲಿ ಮಾತ್ರ ಸಾಕಷ್ಟಿರುವ ಟಾರೀನ್ ಎಂಬ ಪದಾರ್ಥವಿಲ್ಲದೆ ಬೆಕ್ಕಿನ ಕಣ್ಣು, ಹೃದಯಗಳೆರಡೂ ಕೆಡುತ್ತವೆ. ಮೊಸರನ್ನದಿಂದ ಅದರ ಬಾಳು ಸಾಗದು. ಪೇಟೆಯಲ್ಲಿ ದೊರೆಯುವ ಸಿದ್ಧ ಬೆಕ್ಕಿನ ಆಹಾರವನ್ನಾದರೂ ತಂದಿಡಬೇಕು.

ಎರಡು ವಾರಗಳಾದ ಮೇಲೆ, ಹಳೆಯ ಕಿಟಕಿಯೊಂದರ ಸೊಳ್ಳೆಜಾಲರಿಯ ಚೌಕಟ್ಟನ್ನು ಅಡುಗೆಮನೆಯ ಬಾಗಿಲಿಗೆ ಆನಿಸಿ ನಿಲ್ಲಿಸಿ, ಮೇಲೊಂದು ಚಾದರವನ್ನು ಇಳಿಬಿಟ್ಟೆವು. ಈ ಬದಿ ಮನಿಯ ತಟ್ಟೆ, ಆ ಬದಿ ಮರಿಯ ತಟ್ಟೆ. ತಿನ್ನುವಾಗ ಚಾದರವನ್ನು ನಾಲ್ಕು ಬೆರಳಷ್ಟು ಎತ್ತುವುದು, ತಟ್ಟೆ ಬರಿದಾಗುತ್ತಲೇ ಇಳಿಸುವುದು. ಮರಿಯ ದರ್ಶನಕ್ಕೂ ಕೋಳಿಯ ತುಣುಕಿಗೂ ಗಂಟು ಬೀಳಲೆಂದು ಈ ನಾಟಕ. ಮನಿ ಮೂರು ದಿನ ಬುಸುಗುಟ್ಟಿತು, ನಾವು ಗದರಲಿಲ್ಲ. ಬುಸುಗುಟ್ಟುವುದು ಯುದ್ಧಘೋಷವಲ್ಲ, ‘ಇಷ್ಟು ದೂರದಲ್ಲಿರು’ ಎಂಬ ಮರ್ಯಾದೆಯ ಮಾತು. ಆ ಮಾತನ್ನು ಬಾಯಿಮುಚ್ಚಿಸಿದರೆ ಮುಂದಿನದು ಉಗುರು. ಕಿವಿ ಪೂರ್ತಿ ಚಪ್ಪಟೆಯಾಗಿ, ಬಾಲ ಕುಂಚದಂತೆ ಉಬ್ಬಿ, ಕಣ್ಣು ಕದಲದೆ ನಿಂತರೆ ಮಾತ್ರ ನಡುವೆ ದಿಂಬೊಂದನ್ನು ಹಿಡಿದು ಮರೆಮಾಡಬೇಕು. ಕೈಯನ್ನು ಎಂದೂ ಒಡ್ಡಬಾರದು.

ಒಂದು ದಿನ ಮಗಳು ಅವಸರ ಮಾಡಿದಳು. ನಾವು ಮನೆಯಲ್ಲಿಲ್ಲದಾಗ ಜಾಲರಿಯನ್ನು ಸರಿಸಿ, ಮರಿಯನ್ನು ಎತ್ತಿಕೊಂಡೇ ಮನಿಯ ಬಳಿ ಹೋದಳು. ಮನಿ ಹೊಡೆಯಲಿಲ್ಲ, ಗ್ಯಾಲರಿಗೆ ಓಡಿತು, ಅಲ್ಲಿಂದ ಗ್ರಿಲ್ಲಿನ ಸಂದಿಯಲ್ಲಿ ತಲೆತೂರಿಸಿತು. ನಮ್ಮದು ನಾಲ್ಕನೆಯ ಮಾಳಿಗೆ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆಯೇ ನಿಲ್ಲುತ್ತದೆಂಬ ನಂಬಿಕೆಯಿಂದ ಈ ನಗರದಲ್ಲಿ ಎಷ್ಟು ಬೆಕ್ಕುಗಳ ದವಡೆ, ಎದೆಗೂಡು, ಕಾಲುಗಳು ಮುರಿಯುತ್ತವೆಂಬುದನ್ನು ಪಶುವೈದ್ಯರನ್ನು ಕೇಳಬೇಕು. ತಾಯಿಯವರು ಮಂಚದಿಂದಲೇ ಅದರ ಹೆಸರನ್ನು ಕರೆದರಂತೆ, ಗಟ್ಟಿಯಾಗಿ ಅಲ್ಲ, ಊಟಕ್ಕೆ ಕರೆಯುವ ದನಿಯಲ್ಲಿ. ಅದು ತಲೆಯನ್ನು ಹಿಂದಕ್ಕೆಳೆದುಕೊಂಡಿತು. ಮಾರನೆಯ ದಿನವೇ ಗ್ಯಾಲರಿಗೆ ನೈಲಾನು ಬಲೆ ಕಟ್ಟಿಸಿದೆವು. ಎರಡು ಬೆಕ್ಕುಗಳನ್ನಿಡುವ ಮನೆಯಲ್ಲಿ ಇದು ಮೊದಲು ಆಗಬೇಕಾದ ಕೆಲಸ, ನಾವು ಕೊನೆಗೆ ಮಾಡಿದೆವು. ಮಗಳು ಆ ರಾತ್ರಿ ಯಾರೊಡನೆಯೂ ಮಾತಾಡಲಿಲ್ಲ. ಮರಿಯನ್ನು ಬಿಟ್ಟು ಮನಿಯ ಪಕ್ಕದ ನೆಲದಲ್ಲಿ ಮಲಗಿದಳು. ಜಾಲರಿಯ ಪರಿಪಾಠ ನಾಲ್ಕು ದಿನ ಹಿಂದಿನಿಂದ ಮತ್ತೆ ಆರಂಭವಾಯಿತು.

ಅನಂತರದ ಸಂಗತಿಗಳನ್ನು ಬೇಗ ಹೇಳಬಹುದು. ಜಾಲರಿಯನ್ನು ತೆಗೆದ ಮೊದಲ ದಿನಗಳಲ್ಲಿ ಐದು ನಿಮಿಷದ ಭೇಟಿ, ಅದೂ ಮರಿ ಚೆನ್ನಾಗಿ ಆಡಿ ದಣಿದ ಮೇಲೆ. ಎಳೆಯದರ ಲವಲವಿಕೆಯೇ ಮುದಿಯದರ ದೊಡ್ಡ ಉಪದ್ರವ. ಕಪಾಟಿನ ಮೇಲೆ ಮನಿಗೊಂದು ಗೋಣಿಯ ಹಾಸು. ಪುಟ್ಟದಕ್ಕೆ ಅಲ್ಲಿಗೆ ಹಾರಲಾಗದು. ಇದು ಮನಿಯ ಮೊಳೆ. ಮರಳಿನ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕೆಂಬುದು ವೈದ್ಯರ ಸೂತ್ರ. ನಮ್ಮ ಮನೆಯಲ್ಲಿ ಮೂರಕ್ಕೆ ಸ್ಥಳವೆಲ್ಲಿ? ಎರಡನ್ನೇ ಇಟ್ಟೆವು. ಆದರೆ ಒಂದು ಗ್ಯಾಲರಿಯಲ್ಲಿ, ಇನ್ನೊಂದು ಬಚ್ಚಲಿನ ಮಗ್ಗುಲಲ್ಲಿ. ಒಂದರ ಬಳಿ ಮರಿ ಕುಳಿತು ದಾರಿ ಕಟ್ಟಿದರೆ ಮನಿಗೆ ಇನ್ನೊಂದು ದಾರಿ ಇರಬೇಕಷ್ಟೆ. ಬೆಳಿಗ್ಗೆ ಎರಡು ಸಲ ಶುಚಿಗೊಳಿಸುತ್ತೇನೆ. ಊಟ, ಮಾತು, ಮೈದಡವುವುದು ಎಲ್ಲವೂ ಮೊದಲು ಮನಿಗೆ, ಆಮೇಲೆ ಮರಿಗೆ. ಮರಿಗೆ ಮಗಳು ‘ಬೋಕ್ಯಾ’ ಎಂದು ಹೆಸರಿಟ್ಟಿದ್ದಾಳೆ.

ಇದಕ್ಕೆಲ್ಲ ಎಷ್ಟು ಕಾಲ ಹಿಡಿಯುತ್ತದೆಂದು ಕೇಳುವವರಿಗೆ ನಿಶ್ಚಿತವಾದ ಉತ್ತರ ಕೊಡಲಾರೆ. ಕೆಲವು ಬೆಕ್ಕುಗಳಿಗೆ ಹತ್ತು ದಿನ ಸಾಕು, ಕೆಲವಕ್ಕೆ ತಿಂಗಳುಗಳು. ಒಂದಕ್ಕೊಂದು ಎಂದೂ ಸ್ನೇಹವಾಗದೆ, ಒಂದೇ ಮನೆಯಲ್ಲಿ ಬಾಡಿಗೆದಾರರಂತೆ ದೂರದಿಂದ ನಡೆದುಕೊಳ್ಳುವ ಬೆಕ್ಕುಗಳೂ ಇವೆ. ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ಏಳು ವಾರಗಳು ಹಿಡಿದುವು. ಮನಿ ಬೋಕ್ಯಾನನ್ನು ನೆಕ್ಕುವುದಿಲ್ಲ, ಅಪ್ಪಿಕೊಂಡು ಮಲಗುವುದಿಲ್ಲ. ಚಿತ್ರಗಳಲ್ಲಿ ಕಾಣುವ ಪ್ರೇಮ ಇಲ್ಲಿಲ್ಲ. ಆದರೆ ಸಂಜೆ ನಾಲ್ಕಕ್ಕೆ ಮೀನಿನ ಬುಟ್ಟಿಯವಳು ಕೆಳಗೆ ಕೂಗಿದಾಗ ಎರಡೂ ಗ್ಯಾಲರಿಯ ಬಲೆಯ ಹಿಂದೆ ಒಂದು ಗೇಣಿನ ಅಂತರದಲ್ಲಿ ಕುಳಿತು ಒಂದೇ ದಿಕ್ಕಿಗೆ ನೋಡುತ್ತವೆ. ರಾತ್ರಿ ಮನಿ ತಾಯಿಯವರ ಕಾಲದೆಸೆಗೆ ಮರಳಿದೆ. ತಾಯಿಯವರ ಊಟವೂ ಮೊದಲಿನಂತಾಗಿದೆ.

ಬೋಕ್ಯಾನಿಗೆ ಈಗ ಐದು ತಿಂಗಳು. ಬರುವ ವಾರ ಅದಕ್ಕೆ ಸಂತಾನನಿರೋಧದ ಶಸ್ತ್ರಕ್ರಿಯೆ. ತಡಮಾಡಿದರೆ ಗಂಡುಬೆಕ್ಕು ಗೋಡೆಗೋಡೆಗೆ ಮೂತ್ರ ಚಿಮುಕಿಸಲಾರಂಭಿಸಿ, ಇಷ್ಟು ದಿನದ ಒಪ್ಪಂದವನ್ನೆಲ್ಲ ಮುರಿದುಹಾಕುತ್ತದೆ. ಆಸ್ಪತ್ರೆಯಿಂದ ಮರಳುವಾಗ ಅದರ ಮೈಗೆ ಔಷಧದ ವಾಸನೆ ಹತ್ತಿರುವುದರಿಂದ ಮನಿ ಗುರುತು ಹಿಡಿಯದೆ ಹೋಗಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ಆದುದರಿಂದ ಸೊಳ್ಳೆಜಾಲರಿಯ ಚೌಕಟ್ಟನ್ನು ಗುಜರಿಯವನಿಗೆ ಕೊಡದೆ ಮಂಚದ ಕೆಳಗೆ ಇಟ್ಟುಕೊಂಡಿದ್ದೇವೆ. ಪಂಚೆಯ ತುಂಡುಗಳೂ ಅದರೊಡನೆ ಇವೆ.